ಮಳೆ ಹಿಡಿಯುವ ಮೊದಲು ಕಾಲೇಜು ಅಣಿ ಮಾಡುವುದು: ಮಲೆನಾಡಿನ ಸಣ್ಣ ಕ್ಯಾಂಪಸ್ಸಿಗೆ ಸಮಗ್ರ ಮಾರ್ಗದರ್ಶಿ

ಬಯಲುಸೀಮೆಯ ಕಾಲೇಜಿನಲ್ಲಿ ಹೊಸ ಶೈಕ್ಷಣಿಕ ವರ್ಷದ ತಯಾರಿಯೆಂದರೆ ಸುಣ್ಣಬಣ್ಣ, ಬೆಂಚು ರಿಪೇರಿ, ವೇಳಾಪಟ್ಟಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಷ್ಟಕ್ಕೆ ಮುಗಿಯುವುದಿಲ್ಲ. ಪಿಯು ಮಕ್ಕಳು ತರಗತಿಗೆ ಬರುವ ಹೊತ್ತಿಗೇ ಮುಂಗಾರೂ ಬರುತ್ತದೆ. ಪದವಿ ತರಗತಿ ಶುರುವಾಗುವಾಗ ಆರಿದ್ರೆಯೋ ಪುನರ್ವಸುವೋ ಜಡಿದು ಹಿಡಿದಿರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇರುವುದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ, ಆ ಮಳೆಯ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಇಲ್ಲಿ ಕಾಲೇಜು ಅಣಿ ಮಾಡುವುದೆಂದರೆ ಜಡಿಮಳೆಯಲ್ಲೂ ಪಾಠ ನಡೆಯುವಂತೆ ಮಾಡುವುದು. ನೀರು ಹರಿದು ಬರುವ ದಾರಿಯೇ ಕೆಲಸದ ಕ್ರಮ: ಮೊದಲು ಗುಡ್ಡ, ಆಮೇಲೆ ಮಾಡು (ಛಾವಣಿ), ಸೂರಿನ ನೀರು ಹಿಡಿಯುವ ದೋಣಿ, ಚರಂಡಿ, ಗೋಡೆ, ಕರೆಂಟು, ಬಾವಿ. ಬಣ್ಣ ಕಟ್ಟಕಡೆಗೆ.

ಸುಮಾರು 300 ವಿದ್ಯಾರ್ಥಿಗಳು, ಒಂದು ಹಳೆಯ ಹೆಂಚಿನ ಕಟ್ಟಡ, ಒಂದು ತಾರಸಿ ಕಟ್ಟಡ, ಒಂದು ತೆರೆದ ಬಾವಿ ಇರುವ, ಇಳಿಜಾರಿನಲ್ಲಿ ಕೂತ ಕಾಲೇಜನ್ನು ಲೆಕ್ಕಕ್ಕೆ ಹಿಡಿದು ಇಲ್ಲಿನ ಅಳತೆಗಳನ್ನು ಕೊಟ್ಟಿದೆ.

ಯಾವ ಮಳೆಗೆ ಮೊದಲು ಯಾವ ಕೆಲಸ

ದಿನಾಂಕಕ್ಕಿಂತ ಮಳೆ ನಕ್ಷತ್ರ ಹಿಡಿದು ಲೆಕ್ಕ ಹಾಕಿದರೆ ಕೆಲಸದವರಿಗೂ ಸುಲಭವಾಗಿ ಅರ್ಥವಾಗುತ್ತದೆ. ಭರಣಿ ಹುಟ್ಟುವ ಏಪ್ರಿಲ್ 27ರ ಸುಮಾರಿಗೆ ಇಡೀ ಕ್ಯಾಂಪಸ್ ಸುತ್ತಿ ನೋಡಿ ಪಟ್ಟಿ ಮಾಡಿ, ಆಳುಗಳಿಗೆ ಮುಂಗಡ ಕೊಟ್ಟು ಆಗಿರಬೇಕು. ಮೇ 11ರಿಂದ 24ರವರೆಗಿನ ಕೃತ್ತಿಕೆಯಲ್ಲಿ ಮಾಡು, ತಾರಸಿ, ಚರಂಡಿ. ರೋಹಿಣಿಯಲ್ಲಿ ವೈರಿಂಗ್, ಬಾವಿ, ಒಳಗಿನ ಕೆಲಸ. ಜೂನ್ 8ಕ್ಕೆ ಮೃಗಶಿರ ಹುಟ್ಟಿದ ಮೇಲೆ ಸಿಮೆಂಟಿನ ಯಾವ ಹೊರಗೆಲಸವನ್ನೂ ನಂಬಿಕೊಳ್ಳಬೇಡಿ.

ಆಳುಗಳ ವಿಷಯದಲ್ಲಿ ತಡ ಮಾಡಲೇಬೇಡಿ. ಮೇ ಕೊನೆಯಿಂದ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ ಶುರುವಾಗುತ್ತದೆ. ಮರ ಹತ್ತಿ ಕೊಂಬೆ ಇಳಿಸಬಲ್ಲವರೂ ಹೆಂಚಿನ ಮಾಡಿನ ಮೇಲೆ ಧೈರ್ಯವಾಗಿ ಓಡಾಡಬಲ್ಲವರೂ ಹೆಚ್ಚಾಗಿ ಆ ಕೆಲಸದವರೇ. ಏಪ್ರಿಲ್‌ನಲ್ಲಿ ಮಾತಾಡಿ ಇಟ್ಟುಕೊಳ್ಳದಿದ್ದರೆ ಜೂನ್‌ನಲ್ಲಿ ದುಪ್ಪಟ್ಟು ಕೂಲಿ ಕೊಡುತ್ತೇನೆಂದರೂ ಸಿಗುವುದಿಲ್ಲ.

ಗುಡ್ಡ ಮತ್ತು ಮರ

ಕಟ್ಟಡದ ಮೇಲ್ಬದಿಯಲ್ಲಿ ಗುಡ್ಡದ ನೀರನ್ನು ಅಡ್ಡಗಟ್ಟಿ ಪಕ್ಕಕ್ಕೆ ಒಯ್ಯುವ ಅಗಳು ಇದೆಯೇ ಎಂದು ಮೊದಲು ನೋಡಿ. ಇದೊಂದು ಸರಿಯಿದ್ದರೆ ಕಟ್ಟಡದ ಅರ್ಧ ತೊಂದರೆ ತಪ್ಪುತ್ತದೆ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ, 10 ಮೀಟರಿಗೆ 10 ಸೆಂ.ಮೀ. ಇಳಿಜಾರು ಸಾಕು. ಇಳಿಜಾರು ಇದಕ್ಕಿಂತ ತುಂಬ ಹೆಚ್ಚಾದರೆ ನೀರು ತಳದ ಮಣ್ಣನ್ನೇ ಕೊರೆದು ಅಗಳನ್ನು ಕಂದಕ ಮಾಡುತ್ತದೆ. ಅಂಥ ಕಡೆ ಜಂಬಿಟ್ಟಿಗೆ ಕಲ್ಲಿನಿಂದ ಮೆಟ್ಟಿಲು ಕಟ್ಟಿ ನೀರಿನ ಓಟ ತಗ್ಗಿಸಿ. ಅಗಳಿನ ಬಾಯಿ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಸಡಿಲ ಮಣ್ಣಿನ ಧರೆಯ (ಕಡಿದಾದ ಮಣ್ಣಿನ ಬದಿಯ) ಮೇಲೆ ಬಿಟ್ಟರೆ ಅಲ್ಲಿ ಧರೆ ಕುಸಿಯುತ್ತದೆ. ಬಂಡೆ ಇರುವಲ್ಲಿಗೋ ಹಳೆಯ ಹಳ್ಳಕ್ಕೋ ಮುಟ್ಟಿಸಿ.

ಧರೆಗೆ ಕಟ್ಟಿದ ತಡೆಗೋಡೆಯ ನೀರುಕಂಡಿಗಳಿಗೆ ಕಬ್ಬಿಣದ ಸರಳು ತೂರಿಸಿ ಬಿಡಿಸಿ. ಮೂರು ಇಂಚಿನ ಪೈಪು ಸುಮಾರು ಒಂದೂವರೆ ಮೀಟರಿಗೊಂದು ಇರಬೇಕು. ಕಂಡಿ ಕಟ್ಟಿದರೆ ಗೋಡೆಯ ಹಿಂದೆ ನೀರು ನಿಂತು, ಆ ಭಾರಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಉಬ್ಬಿದ ಗೋಡೆ, ಧರೆಯ ಮೇಲಿನ ಹೊಸ ಬಿರುಕು, ಓರೆಯಾದ ಮರ ಕಂಡರೆ ಅದರ ಕೆಳಗಿನ ಕೊಠಡಿಯನ್ನು ಆ ಮಳೆಗಾಲದ ಮಟ್ಟಿಗೆ ತರಗತಿಗೆ ಕೊಡಬೇಡಿ. ಕೊಠಡಿ ಸಾಲದಿದ್ದರೆ ಪಾಳಿಯಲ್ಲಿ ತರಗತಿ ನಡೆಸಿ.

ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಮೇ ಮಧ್ಯದೊಳಗೆ ಇಳಿಸಿ. ಅಕೇಶಿಯಾ ಮರಗಳ ಮೇಲೆ ವಿಶೇಷ ನಿಗಾ ಇರಲಿ, ಗಾಳಿಗೆ ಅವುಗಳ ಕೊಂಬೆ ಬೇಗ ಸೀಳುತ್ತದೆ. ಮರವನ್ನು ಬುಡದಿಂದ ತೆಗೆಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಅರಣ್ಯ ಇಲಾಖೆಗೆ ಅರ್ಜಿ ಮೊದಲೇ ಹೋಗಬೇಕು. ವಿದ್ಯುತ್ ತಂತಿಯ ಹತ್ತಿರದ ಕೊಂಬೆಗೆ ನೀವು ಕೈ ಹಾಕದೆ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಶಾಖಾ ಕಚೇರಿಗೆ ಬರೆದುಕೊಡಿ.

ಕಾಡಂಚಿನ ಕ್ಯಾಂಪಸ್ಸಿನಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸುವವರ ಬಗ್ಗೆ ಒಂದು ಮಾತು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಎಂಬ ರಕ್ತ ಹೀರುವ ಹುಳು ಬೇಸಿಗೆಯಲ್ಲಿ ಒಣ ದರಗಿನಲ್ಲೇ ಇರುತ್ತದೆ. ಕೆಲಸದವರು ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಹಾಕಿಕೊಂಡು, ಆರೋಗ್ಯ ಕೇಂದ್ರದಿಂದ ತಂದ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಇಳಿಯಲಿ. ಮನೆಗೆ ಹೋದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ದಿನಗೂಲಿಯವರೆಂದು ಈ ಎಚ್ಚರಿಕೆಯಲ್ಲಿ ಉದಾಸೀನ ಸಲ್ಲದು.

ಹೆಂಚಿನ ಮಾಡು

ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. 6×8 ಮೀಟರ್ ಕೊಠಡಿಯ ಮಾಡು, ಇಳಿಜಾರು ಮತ್ತು ಸೂರು ಸೇರಿ ಸುಮಾರು 65 ಚದರ ಮೀಟರ್ ಆಗುತ್ತದೆ, ಅಂದರೆ ಹೆಚ್ಚುಕಡಿಮೆ 1,000 ಹೆಂಚು. ಕೊಠಡಿಗೆ 50ರಂತೆ ಹೆಚ್ಚುವರಿ ಹೆಂಚು ತಂದಿಡಿ. ಹಳೆಯ ಹೆಂಚಿನ ಅಚ್ಚಿಗೂ ಹೊಸದಕ್ಕೂ ಕಚ್ಚು ಕೂರದೆ ಇರಬಹುದು. ಹಳೆಯ ಹೆಂಚೊಂದನ್ನು ಅಂಗಡಿಗೇ ಒಯ್ದು ಜೋಡಿಸಿ ನೋಡಿ ತನ್ನಿ.

ಒಡೆದ ಹೆಂಚು ಹುಡುಕಲು ಮಾಡು ಹತ್ತಬೇಕಿಲ್ಲ. ನಡುಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕತ್ತಲೆ ಮಾಡಿ ಮೇಲೆ ನೋಡಿದರೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ನೇರ ಕೆಳಗಿನ ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಒಂದೂ ಚುಕ್ಕಿ ಇಲ್ಲದೆ ಸೋರುವ ಮಾಡೂ ಇರುತ್ತದೆ. ಹೆಂಚುಗಳು ಕಚ್ಚಿಕೊಳ್ಳುವ ಗಾಡಿಯಲ್ಲಿ (ಹೆಂಚಿನ ಅಂಚಿನ ತೋಡಿನಲ್ಲಿ) ದರಗಿನ ಪುಡಿ, ಹಾವಸೆ ತುಂಬಿದರೆ ಇಳಿಯಬೇಕಾದ ನೀರು ಅಲ್ಲೇ ಹಿಮ್ಮುಖವಾಗಿ ಉಕ್ಕಿ, ಹೆಂಚು ಕೂರುವ ರೀಪಿನ ಮೇಲೆ ಬೀಳುತ್ತದೆ. ಇದಕ್ಕೆ ಹೆಂಚು ಬದಲಿಸಿ ಪ್ರಯೋಜನವಿಲ್ಲ. ಸಾಲುಸಾಲಾಗಿ ಬಿಚ್ಚಿ, ಒಣಗಿದ್ದಾಗಲೇ ಬ್ರಷ್ಷಿನಲ್ಲಿ ಗಾಡಿ ಉಜ್ಜಿ ಮತ್ತೆ ಕೂರಿಸಬೇಕು.

ಬಿಚ್ಚಿದಾಗಲೇ ರೀಪು, ಅದನ್ನು ಹೊತ್ತ ಪಕಾಸಿಗಳನ್ನು ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಹೊಕ್ಕರೆ ಒರಲೆ ತಿಂದಿದೆ ಎಂದರ್ಥ. ಗೋಡೆಯ ಮೇಲೆ ಕೂರುವ ಪಕಾಸಿಯ ತುದಿಯೇ ಮೊದಲು ಕೊಳೆಯುವ ಜಾಗ, ಅದನ್ನು ಬಿಡದೆ ನೋಡಿ. ಮಾಡಿನ ನೆತ್ತಿಯ ಹೆಂಚಿಗೆ ಮೆತ್ತಿದ ಗಾರೆ ಬಿರಿದಿದ್ದರೆ ಪೂರ್ತಿ ಕೆತ್ತಿ ಹೊಸದು ಹಾಕಿ, ಬಿರುಕಿನ ಮೇಲೆ ತೇಪೆ ಒಂದು ಮಳೆಗಾಲವೂ ಬಾಳುವುದಿಲ್ಲ. ಹತ್ತುವವರು ಪಕಾಸಿಗಳಿಗೆ ಅಡ್ಡವಾಗಿ ಹಲಗೆ ಹಾಕಿಕೊಂಡು ಅದರ ಮೇಲೇ ಕಾಲಿಡಬೇಕು. ಬೇಸಿಗೆಯ ಸಂಜೆ ಮಳೆ ಬಿದ್ದ ಮಾರನೇ ಬೆಳಗ್ಗೆ ಯಾರನ್ನೂ ಹತ್ತಿಸಬೇಡಿ, ಹಾವಸೆಯ ಹೆಂಚು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಮಂಗಗಳ ಕಾಟವಿರುವಲ್ಲಿ ಸರಿಮಾಡಿದ ಹೆಂಚು ವಾರದಲ್ಲೇ ಸರಿಯುತ್ತದೆ. ಜೂನ್ ಮೊದಲ ದಿನ ಇನ್ನೊಮ್ಮೆ ಆ ಕತ್ತಲೆ ಪರೀಕ್ಷೆ ಮಾಡಿ.

ತಾರಸಿ, ಶೀಟು, ದೋಣಿ

ತಾರಸಿಯ ನೀರಿನ ಬಾಯಿಗಳಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. ಸೋರುವುದು ಹೆಚ್ಚಾಗಿ ನಡುವಿನಲ್ಲಲ್ಲ, ನೀರಿನ ಬಾಯಿಯ ಸುತ್ತ ಮತ್ತು ಕೈಪಿಡಿ ಗೋಡೆ ತಾರಸಿಯನ್ನು ಕೂಡುವ ಮೂಲೆಯಲ್ಲಿ. ಬಿರುಕನ್ನು ಇಂಗ್ಲಿಷಿನ 'ವಿ' ಆಕಾರದಲ್ಲಿ ಕೆತ್ತಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಒಣಗಿದ ಮೇಲೆ ಜಲನಿರೋಧಕ ಎರಡು ಕೋಟು ಬಳಿಯಿರಿ. ಬಳಿಯುವಾಗ ತಳ ಒಣಗಿರಬೇಕು, ಬಳಿದ ಮೇಲೂ ಎರಡು ದಿನ ಬಿಸಿಲು ಬೇಕು. ಜೂನ್‌ನಲ್ಲಿ ಬಳಿದದ್ದು ಆಗಸ್ಟಿನಲ್ಲಿ ಹಾಳೆ ಹಾಳೆಯಾಗಿ ಏಳುವುದಕ್ಕೆ ಕಾರಣ ಇಷ್ಟೇ.

ಶೀಟಿನ ಮಾಡಿನಲ್ಲಿ ಶೀಟು ಕೆಡುವುದಕ್ಕಿಂತ ಮೊದಲು ಬೋಲ್ಟಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಸೀಳುತ್ತದೆ. ಎಲ್ಲ ವಾಷರನ್ನೂ ಒಂದೇ ಸಲ ಬದಲಿಸಿ, ಅತಿಯಾಗಿ ಬಿಗಿಯಬೇಡಿ. ಬಿಗಿದರೆ ಶೀಟು ತಗ್ಗಾಗಿ ಅಲ್ಲೇ ನೀರು ನಿಲ್ಲುತ್ತದೆ.

ಸೂರಿನ ದೋಣಿಯ ಲೆಕ್ಕವನ್ನು ಹೆಚ್ಚಿನ ಕಡೆ ಯಾರೂ ಹಾಕಿರುವುದಿಲ್ಲ. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ 200 ಚದರ ಮೀಟರ್ ಮಾಡಿನಿಂದ ಗಂಟೆಗೆ 20,000 ಲೀಟರ್ ನೀರು ಇಳಿಯುತ್ತದೆ. ಆ ರಭಸದಲ್ಲಿ ನಾಲ್ಕು ಇಂಚಿನ ಒಂದು ಇಳಿಪೈಪು ಸುಮಾರು 40 ಚದರ ಮೀಟರ್ ಮಾಡಿನ ನೀರನ್ನಷ್ಟೇ ನಂಬಿಕೆಯಿಂದ ಇಳಿಸುತ್ತದೆ. ಅಂದರೆ ಐದು ಪೈಪು ಬೇಕು. ಸಾಮಾನ್ಯವಾಗಿ ಇರುವುದು ಎರಡು. ಉಳಿದ ನೀರು ದೋಣಿ ತುಂಬಿ ಗೋಡೆಯ ಮೇಲೆ ಹರಿಯುತ್ತದೆ, ನಾವು ಮಾಡು ಸೋರುತ್ತದೆ ಎಂದುಕೊಂಡು ಹೆಂಚು ಬದಲಿಸುತ್ತಲೇ ಇರುತ್ತೇವೆ. ದೋಣಿಗೆ 10 ಮೀಟರಿಗೆ 5 ಸೆಂ.ಮೀ. ಇಳಿಜಾರು ಕೊಡಿ. ಪೈಪಿನ ಬಾಯಿಗೆ ತಂತಿ ಬಲೆ ಹಾಕಿದರೆ ಅದನ್ನು ವಾರಕ್ಕೊಮ್ಮೆ ಬಿಡಿಸುವ ಹೊಣೆ ಒಬ್ಬರಿಗೆ ಕೊಟ್ಟಿರಬೇಕು, ಇಲ್ಲವಾದರೆ ಬಲೆಯೇ ಕಟ್ಟಿಕೊಂಡು ಕೆಡುಕಾಗುತ್ತದೆ.

ಗೋಡೆ ಮತ್ತು ಜಗಲಿ

ಗಾಳಿ ಬೀಸುವ ಪಶ್ಚಿಮ, ನೈಋತ್ಯದ ಜಗಲಿಗೆ ಇರಚಲು ಹೊಡೆಯುತ್ತದೆ. ಅಡಿಕೆ ದಬ್ಬೆಯ ಚೌಕಟ್ಟಿಗೆ ಸೋಗೆ ತಟ್ಟಿಯೋ ಹಸಿರು ಬಲೆಯೋ ಕಟ್ಟಿ, ಸೂರಿನಿಂದ ಎರಡಡಿ ಕೆಳಗಿನವರೆಗೆ ಬೆಳಕಿಗೆ ಜಾಗ ಬಿಡಿ. ಮೆಟ್ಟಿಲು, ಕಲ್ಲುಹಾಸಿನ ಮೇಲಿನ ಹಾವಸೆಗೆ 10 ಲೀಟರ್ ನೀರಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು, 20 ನಿಮಿಷ ಬಿಟ್ಟು, ತಂತಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ. ಜುಲೈನಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಬೇಕಾಗುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಸೇರಲೇಬಾರದು, ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ.

ಬಣ್ಣಕ್ಕೆ ಅವಸರ ಮಾಡಬೇಡಿ. ಗೋಡೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಮಾರನೇ ದಿನ ಬಿಚ್ಚಿ. ಒಳಬದಿ ಬೆವೆತಿದ್ದರೆ ಆ ಗೋಡೆ ಇನ್ನೂ ಬಣ್ಣಕ್ಕೆ ಬಂದಿಲ್ಲ.

ಕರೆಂಟು

ಭೂಸಂಪರ್ಕವನ್ನು ಮೇ ತಿಂಗಳಲ್ಲೇ ಅಳೆಸಿ. ನೆಲ ಒಣಗಿರುವಾಗ ಸಿಗುವುದೇ ಅತಿ ಕೆಟ್ಟ ಅಳತೆ, ಮಳೆಗಾಲದ ಒಳ್ಳೆಯ ಅಳತೆಯನ್ನು ನಂಬಿದರೆ ಬೇಸಿಗೆಯ ಸಿಡಿಲಿಗೆ ಕಾಪಾಡುವವರಿಲ್ಲ. 5 ಓಮ್‌ಗಿಂತ ಕಡಿಮೆ ಬರಬೇಕು. ಜಂಬಿಟ್ಟಿಗೆ ನೆಲದಲ್ಲಿ ಒಂದು ಗುಂಡಿಗೆ ಅಷ್ಟು ಬಾರದಿದ್ದರೆ ಎರಡನೆಯದು ತೋಡಿ ತಾಮ್ರದ ಪಟ್ಟಿಯಿಂದ ಜೋಡಿಸಿ. ಎರಡರ ನಡುವೆ ನೆಲಕ್ಕಿಳಿಸಿದ ಸರಳಿನ ಉದ್ದಕ್ಕಿಂತ ಕಡಿಮೆ ಅಂತರ ಬೇಡ.

ಪ್ರತಿ ಕಟ್ಟಡಕ್ಕೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಬಿದ್ದು ಸರಬರಾಜು ನಿಲ್ಲಿಸುವ ಸ್ವಿಚ್ಚು, ಇರಲೇಬೇಕು. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ. ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತದೆಂದು ತಪ್ಪಿಸಿ ನೇರ ಜೋಡಿಸುವುದು ಮಕ್ಕಳ ಜೀವದ ಜೊತೆಗಿನ ಆಟ. ಅದು ಬೀಳುತ್ತಿದೆಯೆಂದರೆ ಎಲ್ಲೋ ಸ್ವಿಚ್ಚು ನೆನೆದಿದೆ. ಬೋರ್ಡಿನಲ್ಲಿ ಪ್ರತಿ ಸಾಲಿಗಿರುವ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದೇ ಆರಿಸುತ್ತಾ ಹೋದರೆ ಯಾವ ಕೊಠಡಿಯೆಂದು ಸಿಗುತ್ತದೆ.

ಕಂಪ್ಯೂಟರುಗಳು ಸಿಡಿಲಿಗೆ ಸುಡುವುದು ಕರೆಂಟಿನ ತಂತಿಯಿಂದಷ್ಟೇ ಅಲ್ಲ, ಕಟ್ಟಡದಿಂದ ಕಟ್ಟಡಕ್ಕೆ ಹೊರಗೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಿಂದಲೂ. ಆ ಒಂದು ಎಳೆಯನ್ನು ಫೈಬರಿಗೆ ಬದಲಿಸಿ. ಜಡಿಮಳೆಯ ದಿನಗಳಲ್ಲಿ ತರಗತಿ ಇರಲಿ ಬಿಡಲಿ, ಪ್ರತಿ ಕಂಪ್ಯೂಟರನ್ನೂ ದಿನಕ್ಕೆ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಯೇ ಅದನ್ನು ಶೀತದಿಂದ ಕಾಯುತ್ತದೆ.

ಬಾವಿ, ಟ್ಯಾಂಕು, ಶೌಚಾಲಯ

ಬಾವಿಯ ನೀರಿನ ಪ್ರಮಾಣ ಹೀಗೆ ತಿಳಿಯಿರಿ: ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಎಲ್ಲವೂ ಮೀಟರಿನಲ್ಲಿ. ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರು. 3 ಮೀಟರ್ ವ್ಯಾಸ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂನಂತೆ, ಈ ಬಾವಿಗೆ 70 ಗ್ರಾಂ.

1. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ತಿರುವಿ.
2. ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಗಷ್ಟು ಚೆಲ್ಲಿ.
3. ತಿಳಿಯ ಬಕೆಟ್ಟನ್ನು ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ.
4. ಒಂದು ಗಂಟೆ ಯಾರೂ ನೀರು ಸೇದದಿರಲಿ. ಆಮೇಲೆ ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿ, ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಮತ್ತೆ ಹಾಕಬೇಕು.

ಇಲ್ಲಿ ತಪ್ಪುವುದು ಎರಡು ಕಡೆ. ಮೇ ತಿಂಗಳ ಅಳತೆಯನ್ನೇ ಜುಲೈಗೂ ಬಳಸುತ್ತಾರೆ, ಆಗ ನೀರು ಮೇಲೇರಿ ಪ್ರಮಾಣ ದುಪ್ಪಟ್ಟಾಗಿರುತ್ತದೆ. ಇನ್ನೊಂದು, ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಮಲೆನಾಡಿನ ತೇವಕ್ಕೆ ಬೇಗ ಕಸುವು ಕಳೆದುಕೊಳ್ಳುತ್ತದೆ. 25 ಕಿಲೋ ಚೀಲದ ಬದಲು ಸಣ್ಣ ಪೊಟ್ಟಣ ಕೊಳ್ಳಿ.

ಮೇಲಿನ ಟ್ಯಾಂಕು ಖಾಲಿ ಮಾಡಿ ಉಜ್ಜಿದ ಮೇಲೆ, 1,000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ತುಂಬಿ, ರಾತ್ರಿಯಿಡೀ ಬಿಟ್ಟು ಪೂರ್ತಿ ಹೊರಗೆ ಬಿಡಿ. ಆ ನೀರು ಯಾರೂ ಕುಡಿಯದಂತೆ ನಲ್ಲಿಗಳಿಗೆ ಚೀಟಿ ಅಂಟಿಸಿ.

ಸೆಪ್ಟಿಕ್ ಟ್ಯಾಂಕನ್ನು ಮೇ ಒಳಗೆ ಹೀರು ಯಂತ್ರದ ಗಾಡಿ ತರಿಸಿ ಖಾಲಿ ಮಾಡಿಸಿ. ಜುಲೈನಲ್ಲಿ ಇಂಗುಗುಂಡಿಯ ಸುತ್ತ ನೆಲ ನೀರು ಕುಡಿದು ತುಂಬಿರುತ್ತದೆ, ಒಳಗಿನದು ವಾಪಸ್ ಶೌಚಾಲಯಕ್ಕೇ ಉಕ್ಕುತ್ತದೆ. ಮನುಷ್ಯರನ್ನು ಒಳಗಿಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅಪರಾಧ, ಒಳಗಿನ ಅನಿಲಕ್ಕೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ.

ಗ್ರಂಥಾಲಯ ಮತ್ತು ಪ್ರಯೋಗಾಲಯ

ಪುಸ್ತಕದ ಕಪಾಟು ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಮೇ ತಿಂಗಳಲ್ಲಿ ಪುಸ್ತಕಗಳನ್ನು ನೆರಳಿನ ಗಾಳಿಗೆ ಹರಡಿ, ನೇರ ಬಿಸಿಲಿಗೆ ಬೈಂಡು ಬಾಗುತ್ತದೆ. ಒತ್ತೊತ್ತಾಗಿ ತುರುಕಬೇಡಿ. ಗಾಳಿಯ ತೇವ ಶೇ. 70 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಇಲ್ಲಿ ಜುಲೈ ಪೂರ್ತಿ ಹಾಗೇ ಇರುತ್ತದೆ. ತಾಳೆಗರಿ ಕಾಯುತ್ತಿದ್ದ ಹಳಬರು ಇಡುತ್ತಿದ್ದ ಬಜೆ ಬೇರು ಹುಳುಗಳನ್ನು ದೂರವಿಡುತ್ತದೆ. ಬೂಷ್ಟಿಗೆ ಮಾತ್ರ ಗಾಳಿಯೊಂದೇ ಮದ್ದು, ಮಳೆ ಬಿಟ್ಟಾಗ ಕಿಟಕಿ ತೆರೆದು ಫ್ಯಾನು ಹಾಕಿ.

ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಷ್ಟು ಹಿಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಪ್ರಯೋಗಾಲಯದ ಓವನ್ನಿನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಗೆಯಲ್ಲಿ ಕೋಬಾಲ್ಟ್ ಇರುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ರಸಾಯನದಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ತೇವ ಹೀರಿ ನೀರಾಗುವಂಥವು. ಇವನ್ನು ಮಳೆಗಾಲಕ್ಕೆ ಸಣ್ಣ ಬಾಟಲಿಗಳಲ್ಲಿ ತರಿಸಿ, ಮುಚ್ಚಳಕ್ಕೆ ಮೇಣ ಹಾಕಿಡಿ. ಗ್ಯಾಸಿನ ರಬ್ಬರ್ ನಳಿಕೆಯ ಮೇಲಿನ ವರ್ಷ ನೋಡಿ ಬದಲಿಸಿ, ಸಂದುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಪರೀಕ್ಷಿಸಿ.

ಕೊಠಡಿ, ವೇಳಾಪಟ್ಟಿ, ಮಕ್ಕಳು

ಜುಲೈ ಬೆಳಗ್ಗೆ ಹತ್ತಕ್ಕೂ ಹೆಂಚಿನ ಕೊಠಡಿಯಲ್ಲಿ ಹಲಗೆ ಕಾಣುವುದಿಲ್ಲ. 6×8 ಮೀಟರ್ ಕೊಠಡಿಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಎಂಟಾದರೂ ಬೇಕು, ಹಲಗೆಯ ಮೇಲೆ ಬೇರೆಯದೇ ಒಂದು. ಶೀಟಿನ ಮಾಡಿನಡಿ ಮಳೆಯ ಸದ್ದಿಗೆ ಪಾಠ ಕೇಳಿಸದು. ಆ ಕೊಠಡಿಗಳನ್ನು ಪ್ರಯೋಗ, ಚಿತ್ರಬಿಡಿಸುವಿಕೆ, ಲೆಕ್ಕದ ಅಭ್ಯಾಸದಂಥ ತರಗತಿಗೆ ಕೊಟ್ಟು, ಭಾಷಾ ಪಾಠಗಳನ್ನು ತಾರಸಿ ಕಟ್ಟಡಕ್ಕೆ ಹಾಕಿ.

ಮೊದಲ ಅವಧಿಗೆ ಪ್ರಯೋಗಾಲಯ ಬೇಡ. ಹಳ್ಳ ಏರಿದ ದಿನ, ಮರ ಬಿದ್ದ ದಿನ ಬಸ್ಸು ತಡವಾಗುತ್ತದೆ, ದೂರದೂರಿನ ಮಕ್ಕಳು ಆ ಪ್ರಯೋಗವನ್ನೇ ಕಳೆದುಕೊಳ್ಳುತ್ತಾರೆ. ಕಡೆಯ ಬಸ್ಸಿನ ಹೊತ್ತು ನೋಡಿಯೇ ಕೊನೆಯ ಅವಧಿ ನಿಗದಿಯಾಗಲಿ. ಮಳೆಯ ರಜೆಗೆಂದು ಒಂದು ವಾರದ ಪಾಠವನ್ನಾದರೂ ತುಂಬಿಕೊಳ್ಳುವ ಜಾಗ ಸೆಪ್ಟೆಂಬರ್, ಅಕ್ಟೋಬರಿನ ಶನಿವಾರಗಳಲ್ಲಿ ಮೊದಲೇ ಬಿಟ್ಟಿರಿ.

ಕೊಠಡಿಗೆ 50 ಛತ್ರಿ ತೂಗುವ ಅಡಿಕೆ ದಬ್ಬೆಯ ಸಾಲು ಜಗಲಿಯಲ್ಲಿ ಇರಲಿ, ಕೆಳಗೆ ನೀರು ಹೊರಹೋಗುವ ಸಣ್ಣ ಕಾಲುವೆ. ಬಾಗಿಲಿಗೆ ಗೋಣಿಚೀಲ ಎರಡು ಜೊತೆ ಇಟ್ಟುಕೊಂಡು ದಿನಬಿಟ್ಟು ದಿನ ಬದಲಿಸಿ. ಸಮವಸ್ತ್ರದ ಶೂ ನಿಯಮವನ್ನು ಸೆಪ್ಟೆಂಬರ್‌ವರೆಗೆ ಸಡಿಲಿಸಿ. ಒಮ್ಮೆ ನೆನೆದ ಬಟ್ಟೆಶೂ ಇಲ್ಲಿ ವಾರವಾದರೂ ಒಣಗುವುದಿಲ್ಲ, ಮಕ್ಕಳ ಕಾಲುಬೆರಳ ಸಂದು ಹುಣ್ಣಾಗುತ್ತದೆ. ಹಿಡಿಪಟ್ಟಿ ಇರುವ ಪ್ಲಾಸ್ಟಿಕ್ ಚಪ್ಪಲಿ ಸಾಕು.

ದಾಖಲಾತಿ, ವಿದ್ಯಾರ್ಥಿವೇತನ, ಬಸ್ ಪಾಸಿನ ಆನ್‌ಲೈನ್ ಕೆಲಸಗಳನ್ನು ಕೊನೆಯ ದಿನಕ್ಕೆ ಬಿಡಬೇಡಿ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಆದಾಯ ಮತ್ತು ಜಾತಿ ಪ್ರಮಾಣಪತ್ರ ಬೇಕೆಂದು ಮೇ ತಿಂಗಳಲ್ಲೇ ಮನೆಗಳಿಗೆ ಹೇಳಿ ಕಳಿಸಿ.

ಮೊದಲ ದೊಡ್ಡ ಮಳೆಯ ದಿನ

ಮೊದಲ ಜೋರು ಮಳೆ ಬಂದಾಗ ಪ್ರಾಂಶುಪಾಲರು, ಅಟೆಂಡರ್, ಎಲೆಕ್ಟ್ರಿಷಿಯನ್ ಮೂವರೂ ಛತ್ರಿ ಹಿಡಿದು ಹೊರಗೆ ಬನ್ನಿ, ಗುಡುಗು ಸಿಡಿಲು ಇದ್ದರೆ ಅದು ನಿಂತ ಮೇಲೆ. ಅಗಳಿನ ನೀರು ಎಷ್ಟು ಎತ್ತರಕ್ಕೆ ಬಂತೋ ಅಲ್ಲಿ ಕೆಂಪು ಬಣ್ಣದ ಗೆರೆ ಎಳೆಯಿರಿ. ದೋಣಿ ಎಲ್ಲಿ ಉಕ್ಕಿತು, ಯಾವ ಕಿಟಕಿಗೆ ಇರಚಲು ಬಂತು, ಯಾವ ಮೆಟ್ಟಿಲಲ್ಲಿ ನೀರು ನಿಂತಿತು, ಎಲ್ಲದರ ಫೋಟೊ ತೆಗೆದು ಕೊಠಡಿ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಕಮಿಟಿಯ ಮುಂದೆ ಹಣ ಕೇಳುವ ಸಭೆ ನಡೆಯುವುದು ಬೇಸಿಗೆಯಲ್ಲಿ, ಒಂದು ಹನಿಯೂ ಸೋರದ ದಿನ. ಆಗ ಆ ಪುಸ್ತಕ, ಆ ಫೋಟೊಗಳು ಮೇಜಿನ ಮೇಲಿರಬೇಕು.